ಕ್ಲಿಯರ್ ಅಲೈನರ್‌ಗೆಂದು ಮೊದಲ ಸಲ ಆರ್ಥೊಡಾಂಟಿಸ್ಟ್ ಬಳಿ ಹೋಗುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ತಂತಿ ಬೇಡ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಟ್ರೇ (ಇದೇ ಕ್ಲಿಯರ್ ಅಲೈನರ್) ಸಾಕು ಎಂದು ಮನಸ್ಸು ಮಾಡಿಕೊಂಡೇ ಬಹಳ ಜನ ಮೊದಲ ಭೇಟಿಗೆ ಬರುತ್ತಾರೆ. ಆದರೆ ಆ ದಿನ ನಡೆಯಬೇಕಾದದ್ದು ಟ್ರೇ ಆರಿಸುವ ಕೆಲಸವಲ್ಲ. ಹಲ್ಲು, ಬೇರು, ಮೂಳೆ, ಒಸಡು, ದವಡೆ ಯಾವ ಸ್ಥಿತಿಯಲ್ಲಿವೆ, ಹಲ್ಲು ವಕ್ರವಾದದ್ದು ಯಾಕೆ ಎಂದು ಕಂಡುಹಿಡಿಯುವುದು ಆ ದಿನದ ಕೆಲಸ. ಅಲೈನರ್ ಸಾಕೋ, ತಂತಿ ಬೇಕೋ, ಏನೂ ಬೇಡವೋ ಎಂಬುದು ಅದಾದ ಮೇಲಿನ ಮಾತು.

ಯಾವ ಡಾಕ್ಟರ್ ಹತ್ತಿರ ಹೋಗಬೇಕು?

ಬಿಡಿಎಸ್ ಎಂಬ ದಂತವೈದ್ಯ ಪದವಿ ಮುಗಿಸಿ, ಆಮೇಲೆ ಮೂರು ವರ್ಷ ವಕ್ರ ಹಲ್ಲು ಸರಿಪಡಿಸುವ ಆರ್ಥೊಡಾಂಟಿಕ್ಸ್‌ನಲ್ಲೇ ಸ್ನಾತಕೋತ್ತರ ಪದವಿ ಎಂಡಿಎಸ್ ಮಾಡಿದವರನ್ನು ಆರ್ಥೊಡಾಂಟಿಸ್ಟ್ ಎನ್ನುತ್ತಾರೆ. ಬಿಡಿಎಸ್ ವೈದ್ಯರೂ ಅಲೈನರ್ ಹಾಕುವುದುಂಟು. ಸ್ವಲ್ಪವೇ ಸಂದಿರುವ ಸರಳ ಬಾಯಿಗೆ ಅದು ಸಾಕಾಗಬಹುದು. ಆದರೆ ಬಾಯಿ ಸರಳವೋ ಅಲ್ಲವೋ ಎಂದು ಹೇಳುವುದಕ್ಕೇ ಪರಿಣತಿ ಬೇಕಾದ್ದರಿಂದ, ಮೊದಲ ಅಭಿಪ್ರಾಯ ಆರ್ಥೊಡಾಂಟಿಸ್ಟ್‌ರದ್ದೇ ಇರಲಿ. ಎಂಡಿಎಸ್ ಎಂದು ಬೋರ್ಡಿನಲ್ಲಿದ್ದರೆ ಯಾವ ವಿಷಯದಲ್ಲಿ ಎಂದು ಕೇಳಿ. ಒಸಡಿನ ತಜ್ಞರೂ ಎಂಡಿಎಸ್, ಮಕ್ಕಳ ದಂತವೈದ್ಯರೂ ಎಂಡಿಎಸ್. ಕರ್ನಾಟಕದಲ್ಲಿ ಕೆಲಸ ಮಾಡುವ ದಂತವೈದ್ಯರಿಗೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಖಾಸಗಿ ಕ್ಲಿನಿಕ್‌ನಲ್ಲಿ ಹೇಳಿದ್ದು ಸರಿಯೇ ಎಂದು ಅನುಮಾನ ಬಂದರೆ ದಂತ ವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗ ಒಳ್ಳೆಯ ಜಾಗ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಮಣಿಪಾಲ, ಮಂಗಳೂರು, ಧಾರವಾಡ, ದಾವಣಗೆರೆಯ ಕಾಲೇಜುಗಳಲ್ಲಿ ಆರ್ಥೊಡಾಂಟಿಕ್ಸ್ ವಿಭಾಗಗಳಿವೆ. ಕಾಯಬೇಕಾಗುತ್ತದೆ, ಆದರೆ ಪಾಠ ಮಾಡುವವರ ಮೇಲ್ವಿಚಾರಣೆ ಇರುತ್ತದೆ.

ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು? ಎಷ್ಟು ಹೊತ್ತು ಹಿಡಿಯುತ್ತದೆ?

45 ನಿಮಿಷದಿಂದ ಒಂದು ಗಂಟೆ ಇಟ್ಟುಕೊಳ್ಳಿ. ಎಕ್ಸ್‌ರೇಗೆ ಬೇರೆ ಕಡೆ ಕಳಿಸಿದರೆ ಇನ್ನೂ ಒಂದು ಗಂಟೆ. ಹಳೆಯ ಎಕ್ಸ್‌ರೇಗಳು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಮೊದಲು ತಂತಿ ಹಾಕಿಸಿದ್ದರೆ, ಹಲ್ಲು ಮತ್ತೆ ಜರುಗದಂತೆ ಆಗ ಕೊಟ್ಟ ರಿಟೇನರ್ (ಮುರಿದಿದ್ದರೂ ಸರಿ) ಜೊತೆಗಿರಲಿ. ಹಲ್ಲುಜ್ಜಿಕೊಂಡು ಹೋಗಿ. ಲಿಪ್‌ಸ್ಟಿಕ್ ಬೇಡ, ಫೋಟೋ ತೆಗೆಯುವಾಗ ತುಟಿ ಎಳೆಯುವ ಪ್ಲಾಸ್ಟಿಕ್ ಕೊಕ್ಕೆಗೆ ಮೆತ್ತಿಕೊಳ್ಳುತ್ತದೆ. ತುಟಿಯ ಮೂಲೆ ಒಡೆದಿದ್ದರೆ ಮೊದಲೇ ಹೇಳಿ, ವ್ಯಾಸಲೀನ್ ಸವರಿ ಎಳೆಯುತ್ತಾರೆ.

ಹಲ್ಲಿಗೆ ಬಂದರೆ ಶುಗರ್, ಮೂಳೆ ಮಾತ್ರೆ ಎಲ್ಲ ಯಾಕೆ ಕೇಳುತ್ತಾರೆ?

ಹಲ್ಲು ಜರುಗುವುದು ಮೂಳೆಯೊಳಗೆ. ಒತ್ತಡ ಬಿದ್ದ ಕಡೆ ಮೂಳೆ ಕರಗಿ, ಹಿಂದೆ ಹೊಸ ಮೂಳೆ ಕಟ್ಟಿಕೊಂಡರೆ ಮಾತ್ರ ಹಲ್ಲು ಮುಂದೆ ಹೋಗುತ್ತದೆ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆ್ಯಸಿಡ್‌ನಂಥ ಔಷಧಗಳು ಈ ಕರಗುವಿಕೆಯನ್ನೇ ತಡೆಯುತ್ತವೆ. ಹಲ್ಲು ಜರುಗುವುದು ನಿಧಾನವಾಗುತ್ತದೆ, ಹಲ್ಲು ಕೀಳಿಸಬೇಕಾಗಿ ಬಂದರೆ ದವಡೆ ಮೂಳೆ ಮಾಯದೆ ಉಳಿಯುವ ಅಪಾಯವೂ ಇದೆ. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಹಾಕಿಸಿಕೊಳ್ಳುವ ಇಂಜೆಕ್ಷನ್ ಅನ್ನು ಅನೇಕರು ಔಷಧ ಎಂದೇ ಲೆಕ್ಕ ಹಿಡಿಯುವುದಿಲ್ಲ, ಹೇಳುವುದು ಮರೆಯುತ್ತಾರೆ. ದಯವಿಟ್ಟು ಹೇಳಿ. ಹತೋಟಿಯಲ್ಲಿಲ್ಲದ ಶುಗರ್ ಒಸಡನ್ನು ಹಾಳು ಮಾಡುತ್ತದೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಒಸಡನ್ನು ಊದಿಸಬಹುದು. ಬಸುರಿಯಾಗಿದ್ದರೆ ತುರ್ತಲ್ಲದ ಎಕ್ಸ್‌ರೇ ಮುಂದೂಡುತ್ತಾರೆ.

ಎಲೆ ಅಡಿಕೆ, ಗುಟ್ಕಾ ಅಭ್ಯಾಸವನ್ನೂ ಕೇಳುತ್ತಾರೆ. ಬೈಯುವುದಕ್ಕಲ್ಲ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿದುಕೊಂಡಿದ್ದರೆ ಬಾಯಿ ಪೂರ್ತಿ ತೆರೆಯುವುದಿಲ್ಲ, ಹಲ್ಲಿನ ಚಿತ್ರ ತೆಗೆಯುವ ಸ್ಕ್ಯಾನರ್ ಹಿಂದಿನ ದವಡೆ ಹಲ್ಲಿನವರೆಗೆ ಹೋಗುವುದಿಲ್ಲ. ಆ ಬಿಗಿತಕ್ಕೇ ಮೊದಲು ಚಿಕಿತ್ಸೆ ಬೇಕು, ಅದನ್ನು ಅಲೈನರ್ ನೆಪದಲ್ಲಿ ಕಂಡುಹಿಡಿದರೂ ಲಾಭವೇ.

ಬಾಯೊಳಗೆ ಏನೇನು ನೋಡುತ್ತಾರೆ?

ಬಾಯಿ ತೆರೆಸುವುದಕ್ಕಿಂತ ಮುಂಚೆ ಮುಖ ನೋಡುತ್ತಾರೆ. ತುಟಿ ತಾನಾಗಿ ಮುಚ್ಚುತ್ತದೆಯೇ, ಗದ್ದ ಹಿಂದಿದೆಯೇ ಮುಂದಿದೆಯೇ, ನಕ್ಕಾಗ ಒಸಡು ಎಷ್ಟು ಕಾಣುತ್ತದೆ, ಮೇಲಿನ ಬಾಚಿಹಲ್ಲುಗಳ ನಡುಗೆರೆ ಮೂಗಿನ ನೇರಕ್ಕಿದೆಯೇ ಎಂದು. ಉಬ್ಬು ಹಲ್ಲು ಎಂದು ನೀವು ಬಂದಿದ್ದರೂ ನಿಜವಾದ ಕಾರಣ ಹಿಂದೆ ಉಳಿದ ಕೆಳದವಡೆ ಆಗಿರಬಹುದು. ದೊಡ್ಡವರಲ್ಲಿ ದವಡೆಯ ಅಂತರ ತುಂಬಾ ಇದ್ದರೆ ಅದನ್ನು ಯಾವ ಟ್ರೇಯೂ ಸರಿಪಡಿಸುವುದಿಲ್ಲ, ಹಲ್ಲು ವಾಲಿಸಿ ಮರೆಮಾಚಬಹುದು ಅಥವಾ ದವಡೆ ಆಪರೇಷನ್ ಬೇಕಾಗಬಹುದು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಲು ಹೇಳುತ್ತಾರೆ. ಅಲ್ಲಿ 'ಕಟಕ್' ಎನ್ನುತ್ತದೆಯೇ, ನೋಯುತ್ತದೆಯೇ ಎಂದು ಬರೆದುಕೊಳ್ಳುತ್ತಾರೆ.

ಆಮೇಲೆ ಹಿಂದಿನ ಹಲ್ಲುಗಳನ್ನು ಕಚ್ಚಿಸಿ ನೋಡುತ್ತಾರೆ. ಮೇಲಿನ ಮತ್ತು ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು ಹೇಗೆ ಕೂರುತ್ತವೆ ಎಂಬುದರ ಮೇಲೆ ಕ್ಲಾಸ್ 1, 2, 3 ಎಂದು ಬರೆಯುವುದನ್ನು ನೀವು ಚೀಟಿಯಲ್ಲಿ ಕಾಣಬಹುದು. 1899ರಲ್ಲಿ ಎಡ್ವರ್ಡ್ ಆ್ಯಂಗಲ್ ಮಾಡಿಟ್ಟ ಈ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ ಮುಂದಿರುವ ಅಂತರವನ್ನು ಅಳೆಯುತ್ತಾರೆ, 2ರಿಂದ 3 ಮಿ.ಮೀ. ಸಹಜ.

ಹೆಚ್ಚಿನವರು ಲಕ್ಷ್ಯ ಕೊಡದ, ನಮ್ಮ ಮಟ್ಟಿಗೆ ಆ ದಿನದ ಅತಿ ಮುಖ್ಯ ಪರೀಕ್ಷೆ ಒಸಡಿನದು. ಮಿ.ಮೀ. ಗೆರೆಗಳಿರುವ ಸಪೂರ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ, ಪಕ್ಕದವರಿಗೆ 'ಎರಡು, ಮೂರು, ಎರಡು' ಎಂದು ಬರೆಸುತ್ತಾರೆ. 1ರಿಂದ 3 ಮಿ.ಮೀ. ಆರೋಗ್ಯ. 4, 5 ಎಂಬ ಸಂಖ್ಯೆ ಕೇಳಿಸಿ ಜೊತೆಗೆ ರಕ್ತ ಜಿನುಗಿದರೆ ಅಲೈನರ್ ಮಾತು ಸದ್ಯಕ್ಕೆ ನಿಲ್ಲಬೇಕು. ಹಲ್ಲಿನ ಪಾಚಿ ತೆಗೆಸಿ, ಒಸಡಿಗೆ ಚಿಕಿತ್ಸೆ ಮಾಡಿಸಿ, ಕೆಲವು ವಾರ ಬಿಟ್ಟು ಮತ್ತೆ ಅಳೆಯಬೇಕು. ಸೋಂಕಿರುವ ಒಸಡಿನಲ್ಲಿ ಹಲ್ಲು ಜರುಗಿಸಿದರೆ ಆಧಾರದ ಮೂಳೆ ಇನ್ನಷ್ಟು ಕರಗಿ ಹಲ್ಲು ಅಲ್ಲಾಡತೊಡಗುತ್ತದೆ. ಆ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಕಡ್ಡಿ ಇಳಿಸದೆ, 'ಒಸಡು ಚೆನ್ನಾಗಿದೆ' ಎಂದು ಕಣ್ಣಳತೆಯಲ್ಲೇ ಹೇಳಿದರೆ ನೀವೇ ಕೇಳಿ ಅಳೆಸಿಕೊಳ್ಳಿ.

ಮೂರು ಆಯಾಮದ ಸ್ಕ್ಯಾನ್ ಮಾಡಿದರಲ್ಲ, ಮತ್ತೆ ಎಕ್ಸ್‌ರೇ ಯಾಕೆ?

ಸ್ಕ್ಯಾನರ್‌ಗೆ ಕಾಣುವುದು ಒಸಡಿನಿಂದ ಮೇಲಿರುವ ಹಲ್ಲು ಮಾತ್ರ. ಬೇರು ಎಷ್ಟು ಉದ್ದ, ಮೂಳೆ ಎಷ್ಟಿದೆ, ಕೋರೆಹಲ್ಲು ಮೂಳೆಯೊಳಗೇ ಅಡ್ಡ ಮಲಗಿದೆಯೇ, ಹಳೆಯ ಫಿಲ್ಲಿಂಗ್ ಕೆಳಗೆ ಹುಳುಕಿದೆಯೇ, ಬೇರಿನ ತುದಿಯಲ್ಲಿ ಕೀವಿದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಒಪಿಜಿ ಬೇಕು: ಗದ್ದವನ್ನು ಒಂದು ಆಸರೆಯ ಮೇಲಿಟ್ಟು ನಿಂತರೆ ಯಂತ್ರ ತಲೆಯ ಸುತ್ತ ಒಂದು ಸುತ್ತು ಬಂದು ಎಲ್ಲ ಹಲ್ಲನ್ನೂ ಒಂದೇ ಚಿತ್ರದಲ್ಲಿ ಕೊಡುತ್ತದೆ. ಮುಖದ ಪಕ್ಕದಿಂದ ತೆಗೆಯುವ ಇನ್ನೊಂದು ಎಕ್ಸ್‌ರೇ ಲ್ಯಾಟರಲ್ ಸೆಫಲೋಗ್ರಾಂ. ದವಡೆಗಳ ಸಂಬಂಧ ಮತ್ತು ಬಾಚಿಹಲ್ಲಿನ ಓರೆಯನ್ನು ಅದರಲ್ಲಿ ಅಳೆಯುತ್ತಾರೆ. ಡಿಜಿಟಲ್ ಒಪಿಜಿ ಒಂದರ ವಿಕಿರಣ, ನಿಸರ್ಗದಿಂದ ಕೆಲವು ದಿನಗಳಲ್ಲಿ ನಮಗೆ ಹೇಗೂ ತಾಗುವಷ್ಟೇ. ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇಯಲ್ಲಿ ವಿಕಿರಣ ಇದಕ್ಕಿಂತ ಜಾಸ್ತಿ. ಅದು ಹುದುಗಿದ ಹಲ್ಲಿನಂಥ ಕಾರಣವಿದ್ದರೆ ಮಾತ್ರ ಬೇಕು, ಎಲ್ಲರಿಗೂ ಅಲ್ಲ. ಆರು ತಿಂಗಳೊಳಗಿನ ಒಳ್ಳೆಯ ಒಪಿಜಿ ನಿಮ್ಮಲ್ಲಿದ್ದರೆ ತೋರಿಸಿ, ಮತ್ತೆ ತೆಗೆಸುವುದು ತಪ್ಪಬಹುದು.

ಸ್ಕ್ಯಾನ್ ಹೇಗೆ ಮಾಡುತ್ತಾರೆ? ವಾಕರಿಕೆ ಬರುತ್ತದೆಯೇ?

ದಪ್ಪ ಪೆನ್ನಿನಂಥ ಕ್ಯಾಮೆರಾವನ್ನು ಹಲ್ಲಿನ ಸಾಲಿನ ಮೇಲೆ ನಿಧಾನವಾಗಿ ಆಡಿಸುತ್ತಾರೆ, ಎದುರಿನ ಪರದೆಯಲ್ಲಿ ನಿಮ್ಮ ಬಾಯಿ ಸ್ವಲ್ಪ ಸ್ವಲ್ಪವೇ ಮೂಡುತ್ತದೆ. 5ರಿಂದ 10 ನಿಮಿಷ. ಇದು ಬೆಳಕು, ವಿಕಿರಣವಲ್ಲ. ಮೂಗಿನಿಂದ ಉಸಿರಾಡಿ, ಬಾಯಿಂದ ಉಸಿರು ಬಿಟ್ಟರೆ ಗಾಜು ಮಂಜಾಗುತ್ತದೆ. ಎಂಜಲು ನಿಂತ ಕಡೆ ಸ್ಕ್ಯಾನ್‌ನಲ್ಲಿ ತೂತು ಬೀಳುತ್ತದೆ, ಅದಕ್ಕೇ ಗಾಳಿ ಊದಿ ಒಣಗಿಸುತ್ತಾರೆ. ಕೊನೆಯ ದವಡೆ ಹಲ್ಲಿನ ಹಿಂಬದಿ ಸರಿಯಾಗಿ ಬಂದಿದೆಯೇ ಎಂದು ಪರದೆಯಲ್ಲಿ ನೀವೂ ನೋಡಿ, ಟ್ರೇ ಹಿಂದೆ ಸಡಿಲವಾಗುವುದು ಅಲ್ಲಿಂದಲೇ. ಸ್ಕ್ಯಾನರ್ ಇಲ್ಲದ ಕಡೆ ಸಿಲಿಕಾನ್ ಅಚ್ಚು ತೆಗೆಯುತ್ತಾರೆ, ಅದೂ ಸರಿಯೇ. ಹಿಟ್ಟಿನಂತೆ ಕಲಸುವ ಸಾಮಾನ್ಯ ಆಲ್ಜಿನೇಟ್ ಅಚ್ಚು ಬೇಗ ಒಣಗಿ ಕುಗ್ಗುವುದರಿಂದ ದೂರದ ಲ್ಯಾಬಿಗೆ ಕಳಿಸಲು ತಕ್ಕದ್ದಲ್ಲ.

ನಮ್ಮೂರ ನೀರಿನಿಂದ ಹಲ್ಲು ಕಂದಾಗಿದೆ. ಅಲೈನರ್ ಹಾಕಬಹುದೇ?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಗದಗದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಮಚ್ಚೆ ಬಂದವರು ಇದನ್ನು ಕೇಳಲೇಬೇಕು. ಹಾಕಬಹುದು. ಆದರೆ ಟ್ರೇಗೆ ಹಿಡಿತ ಸಿಗಲೆಂದು ಹಲ್ಲಿನ ಮೇಲೆ ಅಂಟಿಸುವ ಸಣ್ಣ ಬೊಟ್ಟುಗಳು ಇಂಥ ಎನಾಮಲ್‌ಗೆ (ಹಲ್ಲಿನ ಹೊರಪದರಕ್ಕೆ) ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ಪದೇ ಪದೇ ಉದುರುತ್ತವೆ. ಆ್ಯಸಿಡ್ ಜೆಲ್ ಹೆಚ್ಚು ಹೊತ್ತು ಇಡುವುದು, ಮೇಲ್ಪದರವನ್ನು ತುಸು ಉಜ್ಜುವುದು ಮುಂತಾದ ಉಪಾಯಗಳಿವೆ. ಬೊಟ್ಟು ಉದುರಿದರೆ ಮತ್ತೆ ಅಂಟಿಸಲು ದುಡ್ಡು ಬೇರೆಯೋ ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಮಚ್ಚೆ ಹೋಗಿಸಿಕೊಳ್ಳುವ ಚಿಕಿತ್ಸೆ ಬೇರೆ, ಹಲ್ಲು ಸಾಲಾಗುವುದರಿಂದ ಬಣ್ಣ ಬದಲಾಗುವುದಿಲ್ಲ.

ನನ್ನ ಹಲ್ಲಿಗೆ ಅಲೈನರ್ ಸಾಕಾಗುತ್ತದೆಯೇ ಎಂದು ಹೇಗೆ ತೀರ್ಮಾನಿಸುತ್ತಾರೆ?

ಒಂದು ಟ್ರೇ ಹಲ್ಲನ್ನು ಹೆಚ್ಚೆಂದರೆ ಸುಮಾರು 0.25 ಮಿ.ಮೀ. ಜರುಗಿಸುತ್ತದೆ. 3 ಮಿ.ಮೀ. ಸಂದು ಮುಚ್ಚಲು ಒಂದೇ ಹಲ್ಲು ಅಷ್ಟೂ ದೂರ ಬರಬೇಕಾದರೆ ಸುಮಾರು 12 ಟ್ರೇ. ವಾರಕ್ಕೊಂದರಂತೆ ಮೂರು ತಿಂಗಳು, ಎರಡು ವಾರಕ್ಕೊಂದರಂತೆ ಆರು. ಹಲ್ಲಿನ ತಲೆಯನ್ನು ವಾಲಿಸಿ ಸಾಲಿಗೆ ತರುವ ಕೆಲಸ, ಸಣ್ಣ ಸಂದು, ಸ್ವಲ್ಪ ಇಕ್ಕಟ್ಟು ಅಲೈನರ್‌ಗೆ ಸಲೀಸು.

ಕಷ್ಟದ ಕೆಲಸಗಳೂ ಇವೆ. ಕೋರೆಹಲ್ಲು ಮತ್ತು ಅದರ ಹಿಂದಿನ ಸಣ್ಣ ದವಡೆ ಹಲ್ಲು ದುಂಡಗಿರುತ್ತವೆ. ಅವು ತಿರುಚಿಕೊಂಡಿದ್ದರೆ, ಎಣ್ಣೆ ಕೈಯಲ್ಲಿ ಡಬ್ಬಿಯ ಮುಚ್ಚಳ ತಿರುಗಿಸಿದಂತೆ ಟ್ರೇ ಜಾರುತ್ತದೆ. ಬಾಚಿಹಲ್ಲನ್ನು ಕೆಳಕ್ಕೆ ಎಳೆಯುವುದೂ ಹಾಗೆಯೇ, ಟ್ರೇ ಹಲ್ಲನ್ನು ತಳ್ಳಬಲ್ಲದು, ಹಿಡಿದೆಳೆಯುವುದು ಕಷ್ಟ. ಹಲ್ಲು ಕೀಳಿಸಿದ ಜಾಗ ಮುಚ್ಚುವಾಗ ಇನ್ನೊಂದು ತೊಡಕು: ಬೇಲಿ ಗೂಟದ ತಲೆ ಹಿಡಿದು ಎಳೆದರೆ ಗೂಟ ವಾಲುತ್ತದೆಯೇ ಹೊರತು ನಿಂತ ಹಾಗೇ ಜರುಗುವುದಿಲ್ಲ. ಬೇರು ಹಿಂದೆ ಉಳಿದು ಹಲ್ಲು ಒಳಮುಖವಾಗಿ ಬಾಗುತ್ತದೆ. ಇಂಥ ಬಾಯಿಗೆ ಕೆಲವು ತಿಂಗಳು ತಂತಿ, ಆಮೇಲೆ ಅಲೈನರ್ ಎಂದು ಡಾಕ್ಟರ್ ಹೇಳಿದರೆ ಅದು ಹಿಂಜರಿಕೆಯಲ್ಲ, ಪ್ರಾಮಾಣಿಕತೆ. ರೂಟ್ ಕೆನಾಲ್ ಆದ ಹಲ್ಲು ಜರುಗುತ್ತದೆ. ಮೂಳೆಗೆ ಕೂರಿಸಿದ ಕೃತಕ ಹಲ್ಲಾದ ಇಂಪ್ಲಾಂಟ್ ಜರುಗುವುದೇ ಇಲ್ಲ, ಪಕ್ಕದ ಹಲ್ಲುಗಳಿಗೆ ಜೋಡಿಸಿದ ಬ್ರಿಡ್ಜ್ ಇದ್ದರೆ ಅಷ್ಟೂ ಹಲ್ಲು ಒಟ್ಟಿಗೆ ಕಟ್ಟಿಹಾಕಿದಂತೆ.

ಹಲ್ಲಿನ ಮೇಲೆ ಬೊಟ್ಟು ಅಂಟಿಸುತ್ತಾರೆ, ನಡುವೆ ಉಜ್ಜುತ್ತಾರೆ ಎನ್ನುತ್ತಾರಲ್ಲ?

ಹೌದು. ಬೊಟ್ಟಿಗೆ ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ಹಲ್ಲಿನ ಬಣ್ಣದ ಕಾಂಪೊಸಿಟ್ (ಫಿಲ್ಲಿಂಗ್‌ಗೆ ಬಳಸುವ ವಸ್ತು), ಟ್ರೇಗೆ ಹಿಡಿತ ಕೊಡುವ ಹಿಡಿಕೆ. ಅಕ್ಕಿ ಕಾಳಿನಷ್ಟಿರುತ್ತದೆ, ಕೊನೆಗೆ ಉಜ್ಜಿ ತೆಗೆಯುತ್ತಾರೆ. ಎಷ್ಟು, ಯಾವ ಹಲ್ಲಿಗೆ ಎಂದು ಕೇಳಿ, ಮುಂದಿನ ಹಲ್ಲಿನಲ್ಲಿದ್ದರೆ ಹತ್ತಿರದಿಂದ ನೋಡಿದವರಿಗೆ ಕಾಣುತ್ತದೆ.

ಉಜ್ಜುವುದಕ್ಕೆ ಐಪಿಆರ್ ಎಂದು ಹೆಸರು. ಪಕ್ಕಪಕ್ಕದ ಎರಡು ಹಲ್ಲಿನ ನಡುವೆ ಸಪೂರ ಪಟ್ಟಿ ಆಡಿಸಿ ಎನಾಮಲ್‌ನಲ್ಲಿ ಜಾಗ ಮಾಡುತ್ತಾರೆ, ಒಂದು ಸಂದಿಗೆ ಸಾಮಾನ್ಯವಾಗಿ 0.1ರಿಂದ 0.5 ಮಿ.ಮೀ. ನೋವಿರುವುದಿಲ್ಲ, ಹಲ್ಲು ಜುಮ್ಮೆನ್ನಬಹುದು. ತೆಗೆದ ಎನಾಮಲ್ ಮತ್ತೆ ಬರುವುದಿಲ್ಲವಾದ್ದರಿಂದ ಎಲ್ಲಿ ಎಷ್ಟು ಎಂಬ ಪಟ್ಟಿಯನ್ನು ನೋಡಿದ ಮೇಲೇ ಒಪ್ಪಿಕೊಳ್ಳಿ.

ದಿನಕ್ಕೆ 22 ಗಂಟೆ ಹಾಕಲೇಬೇಕೇ?

20ರಿಂದ 22 ಗಂಟೆ. ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಬನ್ನಿ. 22 ಗಂಟೆ ಹಾಕಿದರೆ ಬಾಯಿ ಖಾಲಿ ಇರಬಹುದಾದದ್ದು 120 ನಿಮಿಷ. ತಿಂಡಿಗೆ 20, ಎರಡು ಊಟಕ್ಕೆ 25ರಂತೆ 50, ಮೂರು ಸಲ ಹಲ್ಲುಜ್ಜಲು 15. ಉಳಿದದ್ದು 35. ಎರಡು ಕಾಫಿಗೆ 20 ಹೋದರೆ 15 ನಿಮಿಷ ಕೈಯಲ್ಲಿದೆ. ಆಫೀಸಿನಲ್ಲಿ ಅರ್ಧ ಗಂಟೆ ಲೋಟ ಹಿಡಿದು ಗುಟುಕರಿಸುವ ಮೂರನೇ ಕಾಫಿಗೆ ಅಲ್ಲಿ ಜಾಗವಿಲ್ಲ. ಟ್ರೇ ಹಾಕಿಕೊಂಡೇ ಕಾಫಿ ಕುಡಿದರೆ ಸಕ್ಕರೆ ನೀರು ಹಲ್ಲಿಗೂ ಪ್ಲಾಸ್ಟಿಕ್‌ಗೂ ನಡುವೆ ನಿಂತು ಹುಳುಕು ಹಿಡಿಯುತ್ತದೆ, ಬಿಸಿಗೆ ಟ್ರೇಯ ಆಕಾರವೂ ಕೆಡುತ್ತದೆ. ಬರೀ ನೀರು ಮಾತ್ರ ಕುಡಿಯಬಹುದು. ಸಾರು, ಹುಳಿ ತಿಂದು ಬಾಯಿ ಮುಕ್ಕಳಿಸದೆ ಹಾಕಿದರೆ ಅರಿಶಿನಕ್ಕೆ ಟ್ರೇ ಹಳದಿಯಾಗುತ್ತದೆ.

ಕಡಿಮೆ ಹಾಕಿದರೆ ಏನಾಗುತ್ತದೆ ಎಂಬುದು ಕನ್ನಡಿಯಲ್ಲೇ ಗೊತ್ತಾಗುತ್ತದೆ. ಹಲ್ಲಿನ ತುದಿಗೂ ಟ್ರೇಗೂ ನಡುವೆ ಗಾಳಿಯ ಸಣ್ಣ ಗೆರೆ ಕಾಣಿಸುತ್ತದೆ. ಅದನ್ನು ಕಂಡೂ ಮುಂದಿನ ಟ್ರೇಗೆ ಹೋದರೆ ಗೆರೆ ದೊಡ್ಡದಾಗುತ್ತದೆ, ಕೊನೆಗೆ ಯಾವ ಟ್ರೇಯೂ ಕೂರದೆ ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಗೆರೆ ಕಂಡಾಗಲೇ ಕ್ಲಿನಿಕ್‌ಗೆ ತಿಳಿಸಿ. ಚ್ಯೂಯಿ ಎಂಬ ಮೆತ್ತನೆಯ ಸುರುಳಿಯನ್ನು ಕಚ್ಚಿ ಕೂರಿಸಲು, ಅದೇ ಟ್ರೇಯನ್ನು ಇನ್ನಷ್ಟು ದಿನ ಹಾಕಲು ಹೇಳುತ್ತಾರೆ.

ಟ್ರೇ ಕಳೆದುಹೋಗುವ ದೊಡ್ಡ ಜಾಗ ಮದುವೆ ಊಟ. ಕಾಗದದಲ್ಲಿ ಸುತ್ತಿ ಎಲೆಯ ಪಕ್ಕ ಇಡುತ್ತಾರೆ, ಎಲೆ ಎತ್ತುವವರು ಎಲೆಯ ಜೊತೆಗೇ ಮಡಚಿ ಒಯ್ಯುತ್ತಾರೆ. ಡಬ್ಬಿ ಜೇಬಿನಲ್ಲಿರಲಿ.

ಪರದೆಯಲ್ಲಿ ತೋರಿಸುವ ವಿಡಿಯೋದಂತೆಯೇ ಆಗುತ್ತದೆಯೇ?

ಅದು ಯೋಜನೆ, ಭರವಸೆಯಲ್ಲ. ಕಂಪ್ಯೂಟರ್‌ನಲ್ಲಿ ಹಲ್ಲು ಹೇಳಿದಷ್ಟು ಜರುಗುತ್ತದೆ, ಬಾಯಲ್ಲಿ ಕೆಲವು ಹಲ್ಲು ಹಿಂದೆ ಬೀಳುತ್ತವೆ. ಅದಕ್ಕೇ ಮೊದಲ ಸೆಟ್ ಮುಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ಇನ್ನಷ್ಟು ಟ್ರೇ ಮಾಡಿಸುವುದು ಬಹಳ ಸಾಮಾನ್ಯ, ಇದಕ್ಕೆ ರಿಫೈನ್‌ಮೆಂಟ್ ಎನ್ನುತ್ತಾರೆ. ಯೋಜನೆಯನ್ನು ನಿಮ್ಮ ಡಾಕ್ಟರ್ ಸ್ವತಃ ತಿದ್ದಿದ್ದಾರೋ, ಲ್ಯಾಬ್ ಕಳಿಸಿದ್ದನ್ನೇ ಒಪ್ಪಿದ್ದಾರೋ ಎಂದು ಕೇಳಿ. 'ಈ ವಿಡಿಯೋದಲ್ಲಿ ಯಾವ ಹಲ್ಲು ಹೇಳಿದಂತೆ ಕೇಳಲಿಕ್ಕಿಲ್ಲ?' ಎಂಬುದು ಆ ದಿನ ಕೇಳಬಹುದಾದ ಅತ್ಯಂತ ಉಪಯುಕ್ತ ಪ್ರಶ್ನೆ.

ಖರ್ಚು ಎಷ್ಟು?

ಬ್ರ್ಯಾಂಡ್, ಟ್ರೇಗಳ ಸಂಖ್ಯೆ, ಊರಿನ ಮೇಲೆ ಬಹಳ ಏರುಪೇರಾಗುತ್ತದೆ. ಅಂಕಿಗಿಂತ ಅದರೊಳಗೆ ಏನೇನು ಸೇರಿದೆ ಎಂಬುದು ಮುಖ್ಯ: ಎಕ್ಸ್‌ರೇ, ಕ್ಲೀನಿಂಗ್, ರಿಫೈನ್‌ಮೆಂಟ್ ಎಷ್ಟು ಸಲ, ಕಳೆದ ಟ್ರೇಗೆ ಬದಲಿ, ಕೊನೆಯ ರಿಟೇನರ್. ಕಡಿಮೆ ಎಂದು ಕಂಡ ದರಕ್ಕೆ ಇವೆಲ್ಲ ಸೇರಿಸಿದಾಗ ಹೆಚ್ಚೇ ಆಗಿರಬಹುದು. ನಮ್ಮಲ್ಲಿನ ಸಾಮಾನ್ಯ ಆರೋಗ್ಯ ವಿಮೆಗಳು ಹಲ್ಲು ಸಾಲು ಮಾಡಿಸುವುದಕ್ಕೆ ಹಣ ಕೊಡುವುದಿಲ್ಲ. 'ಇವತ್ತೇ ಕಟ್ಟಿದರೆ ರಿಯಾಯಿತಿ' ಎಂದು ಒಪಿಜಿ ನೋಡುವ ಮೊದಲೇ ಇಎಂಐ ಫಾರ್ಮ್ ಮುಂದಿಟ್ಟರೆ ಸಹಿ ಮಾಡದೆ ಮನೆಗೆ ಬನ್ನಿ.

ಕಿಟ್ ತರಿಸಿ ಮನೆಯಲ್ಲೇ ಮಾಡಿಕೊಳ್ಳಬಾರದೇ?

ಬೇಡ. ಅಂಚೆಯಲ್ಲಿ ಬರುವ ಕಿಟ್ ಬೇರನ್ನೂ ಒಸಡನ್ನೂ ನೋಡುವುದಿಲ್ಲ. ಅಮೆರಿಕದಲ್ಲಿ ಈ ಪದ್ಧತಿಯನ್ನು ದೊಡ್ಡದಾಗಿ ನಡೆಸಿದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದಾಗ, ಚಿಕಿತ್ಸೆ ಅರ್ಧಕ್ಕೆ ನಿಂತ ಗ್ರಾಹಕರಿಗೆ ಸ್ಥಳೀಯ ದಂತವೈದ್ಯರನ್ನು ನೋಡಿ ಎನ್ನುವುದನ್ನು ಬಿಟ್ಟರೆ ಬೇರೆ ದಾರಿ ಉಳಿಯಲಿಲ್ಲ.

ನೋವು, ಮಾತು?

ಹೊಸ ಟ್ರೇ ಹಾಕಿದ ಮೊದಲ ಎರಡು ಮೂರು ದಿನ ಬಿಗಿತ, ಚಕ್ಕುಲಿ ಕಚ್ಚಲು ಕಷ್ಟ. ರಾತ್ರಿ ಮಲಗುವ ಮುನ್ನ ಟ್ರೇ ಬದಲಿಸಿದರೆ ಬಿಗಿತದ ಮೊದಲ ಪಾಲು ನಿದ್ದೆಯಲ್ಲಿ ಕಳೆಯುತ್ತದೆ. ಸ, ಶ, ಚ, ಜ ಅಕ್ಷರಗಳು ಕೆಲವು ದಿನ ತೊದಲುತ್ತವೆ. ಪತ್ರಿಕೆಯನ್ನು ಜೋರಾಗಿ ಓದಿದರೆ ಬೇಗ ಹಿಡಿತಕ್ಕೆ ಬರುತ್ತದೆ. ಪಾಠ ಮಾಡುವವರು, ಹಾಡುವವರು ರಜೆಯ ಹಿಂದಿನ ದಿನ ಶುರು ಮಾಡಿದರೆ ಅನುಕೂಲ.

ಮಗನಿಗೆ 11 ವರ್ಷ. ಈಗಲೇ ಕರೆತರಬಹುದೇ?

ಕರೆತನ್ನಿ. ತೋರಿಸುವುದಕ್ಕೆ 7 ವರ್ಷದಿಂದಲೇ ಸಮಯ ಸರಿ. ತೋರಿಸಿದೊಡನೆ ಚಿಕಿತ್ಸೆ ಶುರು ಎಂದಲ್ಲ. ಹಾಲುಹಲ್ಲು ಪೂರ್ತಿ ಬಿದ್ದು ಶಾಶ್ವತ ಹಲ್ಲು ಬರುವುದು ಸುಮಾರು 12-13ಕ್ಕೆ. ದವಡೆಯ ತೊಂದರೆ ಇದ್ದರೆ ಮಾತ್ರ ಬೆಳೆಯುವ ಕಾಲವನ್ನೇ ಬಳಸಿಕೊಳ್ಳಬೇಕಾಗುತ್ತದೆ. ಡಬ್ಬಿಯಲ್ಲಿ ಟ್ರೇ ಇಟ್ಟು ತಾನಾಗಿ ಮತ್ತೆ ಹಾಕಿಕೊಳ್ಳುವ ಜವಾಬ್ದಾರಿ ಮಗುವಿಗೆ ಇದೆಯೇ ಎಂಬುದನ್ನು ಡಾಕ್ಟರ್‌ಗಿಂತ ನೀವೇ ಚೆನ್ನಾಗಿ ಹೇಳಬಲ್ಲಿರಿ. ಇಲ್ಲವಾದರೆ ತಂತಿಯೇ ಮೇಲು.

ಮುಗಿದ ಮೇಲೆ ಹಲ್ಲು ಮತ್ತೆ ವಕ್ರವಾಗುತ್ತದೆಯೇ?

ರಿಟೇನರ್ ಬಿಟ್ಟರೆ ಆಗುತ್ತದೆ. ಮೊದಲ ಕೆಲವು ತಿಂಗಳು ಹೆಚ್ಚು ಹೊತ್ತು, ಆಮೇಲೆ ರಾತ್ರಿ ಮಾತ್ರ, ಆದರೆ ಹಲ್ಲು ಸಾಲಾಗಿ ಉಳಿಯಬೇಕೆಂದಿರುವಷ್ಟು ವರ್ಷವೂ. ಬುದ್ಧಿಹಲ್ಲು ತಳ್ಳಿ ಮುಂದಿನ ಹಲ್ಲು ವಕ್ರವಾಗುತ್ತದೆ ಎಂಬ ಮಾತಿಗೆ ಆಧಾರ ಸಾಲದು. ಆ ಒಂದೇ ಕಾರಣಕ್ಕೆ ಅದನ್ನು ಕೀಳಿಸಬೇಡಿ.

ಮೊದಲ ದಿನವೇ ಟ್ರೇ ಸಿಗುತ್ತದೆಯೇ? ಬರುವಾಗ ಕೈಯಲ್ಲಿ ಏನಿರಬೇಕು?

ಟ್ರೇ ಸಿಗುವುದಿಲ್ಲ. ಯೋಜನೆ, ತಿದ್ದುಪಡಿ, ತಯಾರಿಕೆ ಎಲ್ಲ ಸೇರಿ ಸಾಮಾನ್ಯವಾಗಿ ಎರಡರಿಂದ ಆರು ವಾರ. ಹುಳುಕು, ಒಸಡಿನ ಕೆಲಸವಿದ್ದರೆ ಅದು ಮುಗಿದ ಮೇಲೇ ಸ್ಕ್ಯಾನ್ ಮಾಡಬೇಕು. ಸ್ಕ್ಯಾನ್ ಆದ ಮೇಲೆ ಫಿಲ್ಲಿಂಗ್ ಮಾಡಿದರೆ ಹಲ್ಲಿನ ಆಕಾರ ಬದಲಾಗಿ ಟ್ರೇ ಕೂರುವುದಿಲ್ಲ. ಬರುವಾಗ ಒಪಿಜಿಯ ಪ್ರತಿ, ತೊಂದರೆ ಏನು ಎಂದು ಬರೆದ ಚೀಟಿ, ಅಲೈನರ್ ಮತ್ತು ತಂತಿ ಎರಡರ ಖರ್ಚು ಮತ್ತು ಅವಧಿಯ ಲಿಖಿತ ಅಂದಾಜು ಕೇಳಿ ಪಡೆಯಿರಿ. ಸ್ಕ್ಯಾನ್ ಮಾಡಿದ್ದರೆ ಅದರ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಕೆಲಸದ ಮೇಲೆ ಪುಣೆಗೋ ದುಬೈಗೋ ಹೋಗಬೇಕಾಗಿ ಬಂದರೆ ಅಲ್ಲಿನ ಡಾಕ್ಟರ್‌ಗೆ ನಿಮ್ಮ ಹಲ್ಲು ಮೊದಲು ಹೇಗಿತ್ತು ಎಂದು ತೋರಿಸಲು ಅದೇ ಬೇಕಾಗುತ್ತದೆ.